ಅಂಚೆಯಲ್ಲಿ ಹೋದ ಭೂಗೋಳ

ಜೂನ್ ೧೪

ತಮ್ಮಾ,

ನೀವಿಬ್ಬರೂ ಲಾರಿ ಹತ್ತಿ ಹೋದ ಮೇಲೆ ಈ ಮನೆಗೆ ಕಿವುಡು ಹಿಡಿದಂತಾಗಿದೆ. ಬೆಳಿಗ್ಗೆ ಎದ್ದವಳು ಅಭ್ಯಾಸಬಲದಿಂದ ಮೂವರಿಗೆ ಚಹಾ ಇಡುತ್ತೇನೆ, ಆಮೇಲೆ ಎರಡು ಲೋಟ ಚೆಲ್ಲುತ್ತೇನೆ.

ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಬಂದರಿನಲ್ಲಿ ಹೂಳು ತುಂಬಿ ಹಡಗು ನಿಂತದ್ದು ನಿನ್ನ ತಪ್ಪಲ್ಲ. ಹಡಗಿಲ್ಲದ ಬಂದರಿನಲ್ಲಿ ಕ್ರೇನ್ ರಿಪೇರಿ ಮಾಡುವವನಿಗೆ ಏನು ಕೆಲಸ, ಅದೂ ಗೊತ್ತು. ಆದರೆ ಕೈಗೂಸಿನಿಂದ ನಾನು ಸಾಕಿದ ಹುಡುಗಿಯನ್ನು ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಬೆಟ್ಟದ ಮೇಲಿನ ಗಣಿಗೆ ಎಳೆದುಕೊಂಡು ಹೋದೆಯಲ್ಲ, ಅದು ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ. "ತಾಯಿ ಅಂತೂ ಇಲ್ಲ, ಅಪ್ಪನೂ ಇಲ್ಲದ ಹಾಗೆ ಬೆಳೆಯೋದು ಬೇಡ ಅಕ್ಕಾ. ಅಲ್ಲೂ ಹೈಸ್ಕೂಲ್ ಇದೆ, ನಾನೇನು ಕಾಡಿಗೆ ಕರ್ಕೊಂಡು ಹೋಗ್ತಿಲ್ಲ" ಅಂದೆ. ಈಗ ಚೂಟಿ ಬರೆದಿದ್ದಾಳೆ, ಅಲ್ಲಿ ಭೂಗೋಳಕ್ಕೆ ಮೇಷ್ಟರೇ ಇಲ್ಲವಂತೆ. ಗಣಿತದವರು ಬಂದು ಪುಸ್ತಕ ಓದಿಸಿ ಹೋಗುತ್ತಾರಂತೆ. ಭೂಗೋಳ ಕಲಿಸುವವಳ ಮನೆಯಲ್ಲಿ ಬೆಳೆದವಳಿಗೆ ಇದೆಂಥ ಗತಿ.

ಹಾಗಾಗಿ ನಾನೇ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಪಾಠ ಬರೆದು ಅಂಚೆಯಲ್ಲಿ ಕಳಿಸುತ್ತೇನೆ, ಕೊನೆಯಲ್ಲಿ ಪ್ರಶ್ನೆ ಇರುತ್ತದೆ. ಅವಳು ಉತ್ತರ ಬರೆದು ಕಳಿಸಲಿ, ತಿದ್ದಿ ವಾಪಸ್ ಕಳಿಸುತ್ತೇನೆ. ಮಾರ್ಚಿನಲ್ಲಿ ಪರೀಕ್ಷೆ ಮುಗಿದ ಮೇಲೆ ಕಾಲೇಜಿಗೆ ಅವಳು ಇಲ್ಲಿಗೇ ಬರಬೇಕು. ನೀನು ಮಾತು ಕೊಟ್ಟಿದ್ದೀಯ.

ಮೊದಲ ಪಾಠ ಇದರ ಜೊತೆಗಿದೆ. ಅವಳ ಕೈಗೆ ಕೊಡು, ಎಣ್ಣೆ ಕೈಯಲ್ಲಿ ಮುಟ್ಟಬೇಡ.

ಅಕ್ಕ

*

ಜುಲೈ ೨

ಅತ್ತೆ,

ಅಪ್ಪ ಎಣ್ಣೆ ಕೈಯಲ್ಲೇ ಮುಟ್ಟಿದರು. ಪಾಠದ ಮೇಲೆ ಹೆಬ್ಬೆಟ್ಟು ಬಿದ್ದಿದೆ.

ಪ್ರಶ್ನೆ ಒಂದು: ಹವಾಮಾನಕ್ಕೂ ವಾಯುಗುಣಕ್ಕೂ ಏನು ವ್ಯತ್ಯಾಸ? ಉತ್ತರ: ಇವತ್ತು ಛತ್ರಿ ತೆಗೆದುಕೊಂಡು ಹೋಗಬೇಕೋ ಬೇಡವೋ ಅನ್ನುವುದು ಹವಾಮಾನ. ಮನೆಯಲ್ಲಿ ಒಂದು ಛತ್ರಿ ಇಟ್ಟುಕೊಂಡಿರಬೇಕೋ ಬೇಡವೋ ಅನ್ನುವುದು ವಾಯುಗುಣ. ಮೊದಲನೆಯದನ್ನು ಹೇಳಲು ಕಿಟಕಿಯಾಚೆ ನೋಡಿದರೆ ಸಾಕು, ಎರಡನೆಯದನ್ನು ಹೇಳಲು ತುಂಬ ವರ್ಷ ನೋಡಬೇಕು. ಇಲ್ಲಿಯ ವಾಯುಗುಣಕ್ಕೆ ಛತ್ರಿ ಪ್ರಯೋಜನವಿಲ್ಲ ಅತ್ತೆ, ಗಾಳಿಗೆ ಅದು ಮಗುಚಿಕೊಳ್ಳುತ್ತದೆ.

ಪ್ರಶ್ನೆ ಎರಡು: ಬೆಟ್ಟದ ಒಂದು ಬದಿ ಮಳೆ ಹೆಚ್ಚು, ಇನ್ನೊಂದು ಬದಿ ಕಡಿಮೆ, ಯಾಕೆ? ಉತ್ತರ: ಕಡಲಿನಿಂದ ಬರುವ ಗಾಳಿ ಬೆಟ್ಟಕ್ಕೆ ತಡೆದು ಮೇಲೇರುತ್ತದೆ, ಮೇಲೆ ಹೋದಂತೆ ತಣ್ಣಗಾಗುತ್ತದೆ, ಹೊತ್ತುಕೊಂಡ ನೀರನ್ನೆಲ್ಲ ಈ ಬದಿಗೇ ಸುರಿಯುತ್ತದೆ. ದಾಟಿ ಹೋಗುವಾಗ ಅದರ ಹತ್ತಿರ ಏನೂ ಉಳಿದಿರುವುದಿಲ್ಲ. ಆ ಬದಿಗೆ ಮಳೆಯ ನೆರಳಿನ ಪ್ರದೇಶ ಅನ್ನುತ್ತಾರೆ. ನಾವಿರುವುದು ಸುರಿಯುವ ಬದಿಯಲ್ಲಿ. ತಗಡಿನ ಸೂರು, ಮಳೆ ಬಂದರೆ ಅಪ್ಪನೂ ನಾನೂ ಕೈಸನ್ನೆಯಲ್ಲೇ ಮಾತಾಡುತ್ತೇವೆ.

ಅಪ್ಪನ ಕೆಲಸ ನಿನಗೆ ಹೇಳಬೇಕು. ಬೆಟ್ಟದ ತುದಿಯಿಂದ ಕೆಳಗಿನ ಬಯಲಿನವರೆಗೆ ಕಂಬಗಳ ಮೇಲೆ ಉಕ್ಕಿನ ಹಗ್ಗ ಎಳೆದಿದ್ದಾರೆ. ರೋಪ್‌ವೇ ಅನ್ನುತ್ತಾರೆ. ಅದಕ್ಕೆ ಕಬ್ಬಿಣದ ದೊಡ್ಡ ತೊಟ್ಟಿಗಳು ನೇತುಬಿದ್ದಿವೆ, ಅದಿರು ತುಂಬಿಕೊಂಡು ಕೆಳಗಿಳಿಯುತ್ತವೆ, ಖಾಲಿಯಾಗಿ ಮೇಲೆ ಬರುತ್ತವೆ. ಅದರ ಗಾಲಿ, ಬ್ರೇಕು ಎಲ್ಲ ಅಪ್ಪನ ಸುಪರ್ದಿ. ಒಂದು ಗಾಲಿ ಕಿರುಗುಟ್ಟಿದರೂ ಊಟ ಬಿಟ್ಟು ಓಡುತ್ತಾರೆ. ನಾನು ಕೆಮ್ಮಿದರೆ ಮಾತ್ರ ಕೇಳಿಸುವುದಿಲ್ಲ.

ಸುಮ್ಮನೆ ಬರೆದೆ, ಕೇಳಿಸುತ್ತದೆ.

ನಿನ್ನ ಚೂಟಿ

*

ಆಗಸ್ಟ್ ೯

ಅಕ್ಕಾ,

ನಿನ್ನ ಪಾಠಗಳು ಬರುತ್ತಿವೆ. ರಸ್ತೆ ಹಾಳಾದಾಗ ಅಂಚೆ ಚೀಲ ಕೆಳಗೇ ಉಳಿಯುತ್ತದೆ, ಅದಕ್ಕೇ ತಡ. ಚೂಟಿ ಓದುತ್ತಿಲ್ಲ ಅಂತ ಅಲ್ಲ.

ಸಂಜೆ ನಾನು ಬಂದ ತಕ್ಷಣ ಅವಳು ಟೀಚರು, ನಾನು ಹುಡುಗ. ತನಗೆ ನೆನಪಿರಲಿ ಅಂತ ನನಗೆ ಕಲಿಸುತ್ತಾಳಂತೆ. ನಾನು ಏಳನೆಯ ಕ್ಲಾಸಿಗೇ ಪುಸ್ತಕ ಮುಚ್ಚಿದವನು, ನಿನಗೆ ಗೊತ್ತಲ್ಲ. ಅಕ್ಷಾಂಶ ಅಡ್ಡವೋ ರೇಖಾಂಶ ಅಡ್ಡವೋ ಅಂತ ತಪ್ಪು ಹೇಳಿದರೆ "ಅತ್ತೆಗೆ ಬರೀತೀನಿ ನೋಡಪ್ಪ" ಅಂತ ಹೆದರಿಸುತ್ತಾಳೆ. ಈ ವಯಸ್ಸಿಗೆ ನಿನ್ನ ಭಯ ನನಗೆ ಮತ್ತೆ ಬಂತು.

ಅವಳು ನನ್ನ ಹತ್ತಿರ ಇರುವುದು ನನಗೆ ಎಷ್ಟು ಅಂತ ಬರೆಯಲು ಬರುವುದಿಲ್ಲ. ಸಿಟ್ಟು ಬಿಡು.

ತಮ್ಮ

*

ಸೆಪ್ಟೆಂಬರ್ ೧೯

ಚೂಟಿ,

ಸಮೋನ್ನತಿ ರೇಖೆಯ ಉತ್ತರ ನೋಡಿದೆ. ಎತ್ತರ ಒಂದೇ ಇರುವ ಜಾಗಗಳನ್ನು ಸೇರಿಸುವ ಗೆರೆ ಅಂತ ಸರಿಯಾಗಿ ಬರೆದು, ಮುಂದಿನ ಸಾಲಿನಲ್ಲೇ ಗೆರೆಗಳು ಒತ್ತೊತ್ತಾಗಿದ್ದರೆ ಬಯಲು ಅಂತ ಬರೆದಿದ್ದೀಯಲ್ಲ. ಗೆರೆ ಒತ್ತಾದಷ್ಟೂ ಇಳಿಜಾರು ಕಡಿದು. ಕಡಿದಾದ ಬೆಟ್ಟದ ಮೇಲೇ ವಾಸವಾಗಿರುವವಳು ಇದನ್ನು ತಪ್ಪು ಮಾಡುವುದೆಂದರೆ ಏನು? ಅಕ್ಷರವೂ ಕೋಳಿ ಕೆದಕಿದ ಹಾಗಿದೆ. ನಕ್ಷೆಯಲ್ಲಿ ಅಳತೆ ಪ್ರಮಾಣ ಹಾಕಿಲ್ಲ, ಉತ್ತರ ದಿಕ್ಕಿನ ಬಾಣವಿಲ್ಲ. ಮೊದಲ ಕಿರುಪರೀಕ್ಷೆಯ ಅಂಕಗಳನ್ನು ನೀನು ಬರೆಯಲಿಲ್ಲ, ನಿಮ್ಮ ಶಾಲೆಗೇ ಕಾಗದ ಹಾಕಿ ತಿಳಿದುಕೊಂಡೆ.

ಹೀಗೇ ಆಟವಾಡಿಕೊಂಡು ಕೂತರೆ ನಿನ್ನ ಅಪ್ಪನ ಹಾಗೆ ಜೀವನಪೂರ್ತಿ ಗಾಲಿಗೆ ಗ್ರೀಸು ಬಳಿಯಬೇಕಾಗುತ್ತದೆ. ಮುದ್ದು ಮಾಡುವುದಕ್ಕೆ ಅಪ್ಪ ಇದ್ದಾನೆ, ನಾನು ಮಾಡುವುದಿಲ್ಲ.

ಮುಂದಿನ ಪಾಠ ನದಿಯದು. ಎರಡು ಸಲ ಓದಿ ಆಮೇಲೆ ಬರೆ.

ಅತ್ತೆ

*

ಅಕ್ಟೋಬರ್ ೨೮

ಅಕ್ಕಾ,

ತಡವಾಯಿತು. ಮಳೆಗೆ ರಸ್ತೆ ಜರಿದು ದಾರಿ ಮುಚ್ಚಿತ್ತು.

ಚೂಟಿಯ ಬಲಗೈಗೆ ಪೆಟ್ಟಾಗಿದೆ. ಬಾಗಿಲಿಗೆ ಸಿಕ್ಕಿಕೊಂಡಿತು. ಪೆನ್ನು ಹಿಡಿಯಲು ಆಗುವುದಿಲ್ಲ. ಹಾಗಾಗಿ ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ಅಕ್ಷರ ನನ್ನದು, ಮನ್ನಿಸು.

ಪ್ರಶ್ನೆ: ಬಯಲಿನಲ್ಲಿ ನದಿ ಅಂಕುಡೊಂಕಾಗಿ ಹರಿಯುವುದು ಯಾಕೆ? ಉತ್ತರ: ಬೆಟ್ಟದಲ್ಲಿ ನದಿ ನೇರ ಕೆಳಗೆ ನುಗ್ಗುತ್ತದೆ. ಬಯಲಿನಲ್ಲಿ ಇಳಿಜಾರು ಕಡಿಮೆ, ಅದಕ್ಕೆ ಪಕ್ಕಕ್ಕೆ ಸರಿಯುತ್ತದೆ. ತಿರುವಿನ ಹೊರಬದಿಯಲ್ಲಿ ನೀರಿನ ಸೆಳೆತ ಜೋರು, ದಡ ಕೊರೆದು ಹೋಗುತ್ತದೆ, ಇದು ಸವೆತ. ಒಳಬದಿಯಲ್ಲಿ ನಿಧಾನ, ತಂದ ಮರಳನ್ನು ಅಲ್ಲೇ ಬಿಡುತ್ತದೆ, ಇದು ಸಂಚಯನ. ಮೇಲಿನಿಂದ ನೋಡಿದರೆ ಒಳಬದಿ ಬೆಳ್ಳಗೆ ಕಾಣುತ್ತದೆ, ಹೊರಬದಿ ಕಪ್ಪಗೆ. ಒಳಬದಿಯಲ್ಲಿ ಮನೆ ಕಟ್ಟಿದರೆ ಮುಳುಗುತ್ತದೆ, ಹೊರಬದಿಯಲ್ಲಿ ಕಟ್ಟಿದರೆ ಕುಸಿಯುತ್ತದೆ. ಅದಕ್ಕೇ ಜನ ಸ್ವಲ್ಪ ದೂರದ ದಿಬ್ಬದ ಮೇಲೆ ಕಟ್ಟುತ್ತಾರೆ. ಅಲ್ಲಿಂದ ಹೊಗೆ ಏಳುವುದು ಕಾಣುತ್ತದೆ.

ಇಷ್ಟೇ ಹೇಳಿದಳು.

ತಮ್ಮ

*

ನವೆಂಬರ್ ೧೧

ತಮ್ಮಾ,

ಬಾಗಿಲಿಗೆ ಸಿಕ್ಕಿಸಿಕೊಂಡಳೇ? ಯಾವ ಬೆರಳು? ಊತ ಇಳಿಯಿತೇ? ಮೂಳೆ ನೋಡಿಸಿದೆಯಾ? ಒಂದು ಮುಲಾಮು ಕಳಿಸಿದ್ದೇನೆ, ನಿಧಾನಕ್ಕೆ ತಿಕ್ಕು, ನೀನು ಗಾಲಿಗೆ ತಿಕ್ಕುವ ಹಾಗಲ್ಲ.

ಉತ್ತರವನ್ನು ಎರಡು ಸಲ ಓದಿದೆ. ಶಹಬ್ಬಾಸ್ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ, ತೋರಿಸು. ಇಷ್ಟು ವರ್ಷ ಈ ಪಾಠ ಮಾಡಿದ್ದೇನೆ, 'ಒಳಬದಿ ಬೆಳ್ಳಗೆ, ಹೊರಬದಿ ಕಪ್ಪಗೆ' ಅಂತ ಯಾವ ಮಗುವೂ ಬರೆದದ್ದಿಲ್ಲ. ಪುಸ್ತಕದಲ್ಲಿಲ್ಲದ್ದು ಇದು, ಕಣ್ಣಾರೆ ಕಂಡದ್ದು. ನಿಮ್ಮ ಬೆಟ್ಟದ ತುದಿಯಿಂದ ಅಷ್ಟು ಚೆನ್ನಾಗಿ ಕಾಣುತ್ತದೆಯೇ?

ಹೋದ ಸಲ ನಾನು ಬಾಯಿಗೆ ಬಂದ ಹಾಗೆ ಬೈದೆ. ಗ್ರೀಸಿನ ಮಾತು ಆಡಬಾರದಿತ್ತು. ಅದು ಅವಳಿಗೂ ನೋವು, ನಿನಗೂ ನೋವು. ಅವಳಿಗೆ ಹೇಳು.

ಅಕ್ಕ

*

ಡಿಸೆಂಬರ್ ೧೬

ಅಕ್ಕಾ,

ಮುಲಾಮು ಬಂತು. ನರಕ್ಕೆ ಪೆಟ್ಟು ಬಿದ್ದಿದೆಯಂತೆ, ಬೇಗ ವಾಸಿಯಾಗುವುದಿಲ್ಲವಂತೆ. ಗ್ರೀಸಿನ ಮಾತಿಗೆ ನನಗೇನೂ ಬೇಜಾರಿಲ್ಲ.

ಪ್ರಶ್ನೆ: ಜನ ವಲಸೆ ಹೋಗಲು ಕಾರಣಗಳೇನು? ಉತ್ತರ: ಕಾರಣಗಳು ಎರಡು ಬಗೆ. ಇದ್ದ ಊರಿನಿಂದ ತಳ್ಳುವವು, ಹೋಗುವ ಊರಿಗೆ ಸೆಳೆಯುವವು. ಕೆಲಸ ನಿಂತುಹೋಗುವುದು, ನೆರೆ, ಯುದ್ಧ, ರೋಗ, ಇವು ತಳ್ಳುತ್ತವೆ. ಕೆಲಸ, ಶಾಲೆ, ಆಸ್ಪತ್ರೆ ಇವು ಸೆಳೆಯುತ್ತವೆ. ಅಲ್ಲಿ ಇವೆಲ್ಲ ಇವೆ ಎಂದು ಯಾರೋ ಹೇಳಿದ ಮಾತನ್ನು ನಂಬುವುದೂ ಒಂದು ಸೆಳೆತವೇ. ಹೋದ ಮೇಲೆ ಇಲ್ಲ ಎಂದು ಗೊತ್ತಾದರೂ ಜನ ವಾಪಸ್ ಬರುವುದಿಲ್ಲ. ಅದರ ಕಾರಣಗಳು ಪಾಠದಲ್ಲಿ ಕೊಟ್ಟಿಲ್ಲ.

ತಮ್ಮ

*

ಜನವರಿ ೬

ತಮ್ಮಾ, ಚೂಟಿ, ಇಬ್ಬರಿಗೂ,

ವಲಸೆಯ ಉತ್ತರವನ್ನು ನನ್ನ ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. 'ಇದನ್ನು ಬರೆದವಳು ನಮ್ಮ ಹುಡುಗಿ, ಇದೇ ಬೆಂಚಿನಲ್ಲಿ ಕೂತಿದ್ದವಳು' ಅಂತ ಹೇಳಿದೆ. ಆ ದಿನ ಶಾಲೆಯಿಂದ ಮನೆಗೆ ಬರುವಾಗ, ಬಂದರಿನ ಗಾಳಿಗೆ ಎದುರಾಗಿ ನಡೆಯುತ್ತಾ, ನಾನು ತುಂಬ ಸುಖವಾಗಿದ್ದೆ. ಸಂಬಳ ಏರಿದಾಗಲೂ ಹಾಗಾಗಿರಲಿಲ್ಲ.

ಚೂಟಿ, ಈಗ ನಿನಗೇ ಬರೆಯುತ್ತಿದ್ದೇನೆ. ನೀನು ಮುಖ ಊದಿಸಿಕೊಂಡಿದ್ದೀಯ, ನನಗೆ ಗೊತ್ತಾಗಿದೆ. ಬಲಗೈ ನೋವು ಸರಿ, ಎಡಗೈಯಲ್ಲಿ ಒಂದು 'ಅತ್ತೆ' ಅಂತ ಗೀಚಲು ಆಗುತ್ತಿರಲಿಲ್ಲವೇ? ಚಿಕ್ಕವಳಿದ್ದಾಗ ಬೈದರೆ ಮಂಚದ ಕೆಳಗೆ ಹೋಗಿ ಕೂರುತ್ತಿದ್ದೆ, ನಾನು ಬಗ್ಗಿ ಬಗ್ಗಿ ಕರೆಯುತ್ತಿದ್ದೆ. ಈಗಲೂ ಬಗ್ಗಿಯೇ ಕರೆಯುತ್ತಿದ್ದೇನೆ, ಹೊರಗೆ ಬಾ. ನಾನು ಹಾಗೆ ಬೈಯಬಾರದಿತ್ತು. ನೀನು ಜಾಣೆ. ನನಗಿಂತ ಚೆನ್ನಾಗಿ ಬರೆಯುತ್ತೀಯ.

ಇದು ಕೊನೆಯ ಪ್ರಶ್ನೆ, ಆಮೇಲೆ ಬರೀ ಪುನರಾವರ್ತನೆ. 'ನಿನಗೆ ಪರಿಚಯವಿರುವ ಒಂದು ಬಂದರಿನ ಏಳುಬೀಳನ್ನು ವಿವರಿಸು.' ನಮ್ಮೂರಿನದೇ ಬರೆ.

ಅತ್ತೆ

*

ಫೆಬ್ರವರಿ ೧

ಅಕ್ಕಾ,

ಉತ್ತರ ಕೆಳಗೆ ಇದೆ.

ಬಂದರು ಆಗಬೇಕಾದರೆ ಆಳವಾದ ನೀರು ಬೇಕು, ಗಾಳಿಯಿಂದ ಮರೆ ಬೇಕು, ಹಿಂದೆ ಸರಕು ಬೆಳೆಯುವ ನಾಡು ಬೇಕು. ನಮ್ಮ ಬಂದರಿಗೆ ಮೂರೂ ಇದ್ದವು. ಹಡಗು ಬಂತೆಂದರೆ ಅದರ ಕೂಗಿಗೆ ಶಾಲೆಯ ಗಂಟೆ ಕೇಳುತ್ತಿರಲಿಲ್ಲ. ಹಗ್ಗವನ್ನು ಮೀನು ಗೋದಾಮಿನ ಮುಂದಿನ ಕಬ್ಬಿಣದ ಗೂಟಕ್ಕೆ ಕಟ್ಟುತ್ತಿದ್ದರು. ಹಡಗು ಅಲುಗಾಡಿದರೆ ಗೂಟವೂ ನಡುಗುತ್ತಿತ್ತು, ಅದರ ಮೇಲೆ ಕೂತರೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ನದಿ ವರ್ಷವರ್ಷವೂ ಹೂಳು ತಂದು ಬಾಯಲ್ಲೇ ಬಿಟ್ಟಿತು. ಮೇಲೆ ಕಾಡು ಕಡಿದಷ್ಟೂ ಹೂಳು ಹೆಚ್ಚಾಯಿತು. ಮೊದಲು ದೊಡ್ಡ ಹಡಗು ಬರುವುದು ನಿಂತಿತು, ಆಮೇಲೆ ಸಣ್ಣವೂ. ಕೆಲಸ ಹೋಯಿತು, ಜನ ಹೋದರು. ಜನಸಾಂದ್ರತೆ ಕಡಿಮೆಯಾಯಿತು.

ತಮ್ಮ

*

ಫೆಬ್ರವರಿ ೧೨

ತಮ್ಮಾ,

ಆ ಗೋದಾಮು ಚೂಟಿ ಹುಟ್ಟುವ ಮೊದಲೇ ಬಿದ್ದುಹೋಯಿತು. ಗೂಟವನ್ನು ಆ ವರ್ಷವೇ ಕಿತ್ತು ಹಾಕಿದರು. ಅದರ ಮೇಲೆ ಕೂತು ಕಾಲಾಡಿಸುತ್ತಿದ್ದವನು ನೀನು, ಎಳೆದು ತಂದು ಶಾಲೆಗೆ ಕಳಿಸುತ್ತಿದ್ದವಳು ನಾನು.

ಕಾಗದ ಓದಿದ ಮೇಲೆ ಹಿಂದಿನವನ್ನೆಲ್ಲ ತೆಗೆದು ಮತ್ತೆ ಓದಿದೆ. ಅಕ್ಷರ ಮಾತ್ರವಲ್ಲ, ಉತ್ತರವೂ ನಿನ್ನದೇ. ಅಕ್ಟೋಬರಿನಿಂದಲೂ. ವಲಸೆಯ ಉತ್ತರ ಒಂದು ಹುಡುಗಿ ಬರೆಯುವಂಥದಲ್ಲ ಅಂತ ನನಗೆ ಅವತ್ತೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಹೆಮ್ಮೆಪಡುವ ಭರದಲ್ಲಿದ್ದೆ.

ನನ್ನ ಹುಡುಗಿ ಎಲ್ಲಿ? ಓದು ಬಿಡಿಸಿ ಗಣಿಯಲ್ಲಿ ಅದಿರು ಆರಿಸಲು ಹಾಕಿದ್ದೀಯಾ? ಇಲ್ಲ, ಯಾರಿಗಾದರೂ ಕಟ್ಟಿಬಿಟ್ಟೆಯಾ? ಅಲ್ಲಿ ಅಷ್ಟು ವಯಸ್ಸಿನ ಹುಡುಗಿಯರಿಗೆ ಮದುವೆ ಮಾಡುತ್ತಾರಂತೆ, ಕೇಳಿದ್ದೇನೆ. ಅಥವಾ ಅವಳೇ ಜಗಳವಾಡಿ ಎಲ್ಲಾದರೂ ಹೋದಳೇ? ಏನಾದರೂ ಆಗಿರಲಿ, ನನ್ನಿಂದ ಮುಚ್ಚಿಟ್ಟು ನಾಟಕ ಆಡಿದೆಯಲ್ಲ, ನಿನ್ನಂಥ ಕಟುಕ ಇನ್ನೊಬ್ಬನಿಲ್ಲ. ಮರು ಟಪಾಲಿಗೆ ಉತ್ತರ ಬರಬೇಕು. ಅವಳ ಕೈಬರಹದಲ್ಲಿ ಬರಬೇಕು.

ಅಕ್ಕ

*

ಮಾರ್ಚ್ ೧೦

ತಮ್ಮಾ,

ಉತ್ತರ ಬರಲಿಲ್ಲ. ಇನ್ನೆರಡು ಕಾಗದ ಹಾಕಿದೆ, ಅವಕ್ಕೂ ಇಲ್ಲ. ನಿಮ್ಮ ಶಾಲೆಗೂ ಬರೆದೆ, ಅಲ್ಲಿಂದಲೂ ಬರಲಿಲ್ಲ. ನಾಳೆಯಿಂದ ಪರೀಕ್ಷೆ. ನನಗೆ ಇಲ್ಲಿ ಕೊಠಡಿ ಕಾಯುವ ಕೆಲಸ ಹಾಕಿದ್ದಾರೆ, ಬಿಟ್ಟು ಬರಲಾಗುವುದಿಲ್ಲ.

ಬೈದದ್ದನ್ನೆಲ್ಲ ವಾಪಸ್ ತೆಗೆದುಕೊಂಡಿದ್ದೇನೆ. ಕೆಲಸಕ್ಕೆ ಹಾಕಿದ್ದರೂ ಪರವಾಗಿಲ್ಲ, ಮದುವೆ ಮಾಡಿದ್ದರೂ ಪರವಾಗಿಲ್ಲ. ಎಲ್ಲಿದ್ದಾಳೆ ಅಂತ ಒಂದೇ ಒಂದು ಸಾಲು ಬರೆ.

ಅಕ್ಕ

*

ಮಾರ್ಚ್ ೧೭

ಅಕ್ಕಾ,

ಚೂಟಿ ಇಲ್ಲ. ಸೆಪ್ಟೆಂಬರಿನಲ್ಲಿ ಹೋದಳು. ಅವಳು ಹೋದ ಮೇಲೆ ನಿನ್ನ ಬೈದ ಕಾಗದ ಬಂತು. ಅದನ್ನು ಅವಳು ಓದಲಿಲ್ಲ, ನಾನು ಓದಿದೆ. ಅವಳಿಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ.

ನಡೆದದ್ದನ್ನು ಬರೆಯುತ್ತೇನೆ. ನಡುವೆ ನಿಲ್ಲಿಸಿದರೆ ಮತ್ತೆ ಬರೆಯಲಾರೆ, ಅದಕ್ಕೆ ಒಂದೇ ಸಲ ಬರೆಯುತ್ತೇನೆ.

ಹಿಂದಿನ ದಿನ ಹೊಟ್ಟೆನೋವು ಅಂದಳು. ಏನೋ ತಿಂದದ್ದು ಆಗಿಬಂದಿಲ್ಲ ಅಂದುಕೊಂಡು ಬಿಸಿನೀರು ಕೊಟ್ಟೆ. ಬೆಳಿಗ್ಗೆ ನೆಟ್ಟಗೆ ನಿಲ್ಲಲು ಆಗಲಿಲ್ಲ. ಗಣಿ ದವಾಖಾನೆಯ ನರ್ಸಮ್ಮ ಬಲಗಡೆ ಒತ್ತಿ ನೋಡಿ, "ಅಪೆಂಡಿಕ್ಸ್ ಇರಬೇಕು. ಇವತ್ತೇ ಕೆಳಗಿನ ಆಸ್ಪತ್ರೆಗೆ ಸೇರಿಸ್ಬೇಕು, ಇಲ್ಲಿ ನನ್ನ ಕೈಲಿ ಏನೂ ಆಗಲ್ಲ" ಅಂದರು. ಆ ವಾರದ ಮಳೆಗೆ ರಸ್ತೆ ಜರಿದಿತ್ತು. ಜೀಪು ಹೋಗುವ ಹಾಗಿರಲಿಲ್ಲ. ಹೊತ್ತುಕೊಂಡು ಇಳಿದರೆ ಇಡೀ ದಿನ ಬೇಕು. ಉಳಿದದ್ದು ರೋಪ್‌ವೇ ಒಂದೇ.

ತೊಟ್ಟಿಯಲ್ಲಿ ಮನುಷ್ಯರು ಕೂರುವಂತಿಲ್ಲ. ಮೇಸ್ತ್ರಿಯನ್ನು ಕೇಳಿದೆ. ಅವನು ಚೂಟಿಯ ಮುಖ ನೋಡಿದ. "ನಾನು ಬೇಡ ಅಂತ ಹೇಳಿದೀನಿ, ಕೇಳಿಸ್ತಲ್ಲ? ಈಗ ನಾನು ಟೀ ಕುಡಿಯೋಕೆ ಹೋಗ್ತೀನಿ" ಅಂತ ಹೋದ. ರೋಪ್‌ವೇಯ ಕೆಳಗಿನ ಸ್ಟೇಷನ್ನಿಗೆ ಹೇಳಿ ಜೀಪು ನಿಲ್ಲಿಸಲು ಅವನೇ ವ್ಯವಸ್ಥೆ ಮಾಡಿದ್ದ, ಆಮೇಲೆ ಗೊತ್ತಾಯಿತು. ತೊಟ್ಟಿಗೆ ಕಂಬಳಿ ಹಾಸಿ ಅವಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ.

ಮೊದಲು ಬರೀ ಮೋಡ. ಮೋಡದಿಂದ ಕೆಳಗಿಳಿದ ಮೇಲೆ ಬಯಲು ಕಂಡಿತು. ಅವಳು ಅಂಚು ಹಿಡಿದು ತಲೆ ಎತ್ತಿದಳು.

"ಅಪ್ಪಾ, ಪುಸ್ತಕದ ಚಿತ್ರ."

"ಯಾವ ಚಿತ್ರ ಕಂದ? ಮಲಕ್ಕೋ."

"ನದಿದು. ನಾಳೆ ನಾಡಿದ್ದು ಅತ್ತೆ ಇದೇ ಪಾಠ ಕಳಿಸ್ತಾಳೆ ನೋಡು. ತಿರುವಿನ ಒಳಗಡೆ ಬೆಳ್ಳಗಿದೆಯಲ್ಲ, ಅದು ಮರಳು. ಹೊರಗಡೆ ಕಪ್ಪಗಿರೋದು ಆಳ. ಊರು ಎಲ್ಲಿದೆ ಹೇಳು?"

"ಹೊಗೆ ಬರ್ತಿದೆಯಲ್ಲ, ಅಲ್ಲಿ."

"ಯಾಕೆ ಅಲ್ಲೇ ಕಟ್ಟಿದಾರೆ?"

ನನಗೆ ಗೊತ್ತಿಲ್ಲ ಅಂದೆ. ಅವಳು ಹೇಳಿದಳು. ನಾನು ಅಕ್ಟೋಬರಿನಲ್ಲಿ ನಿನಗೆ ಬರೆದದ್ದು ಅದನ್ನೇ. ಒಂದು ಮಾತೂ ನಾನು ಸೇರಿಸಿಲ್ಲ.

ಆಮೇಲೆ ಹಗ್ಗ ನಿಂತಿತು. ಕರೆಂಟು ಹೋಗಿತ್ತು. ಕರೆಂಟು ಹೋದರೆ ಬ್ರೇಕು ತಾನಾಗಿ ಬೀಳುತ್ತದೆ. ಮೇಲಿನ ಸ್ಟೇಷನ್ನಿನಲ್ಲಿ ಅದನ್ನು ಕೈಯಿಂದ ಬಿಡಿಸಿ, ಅದಿರಿನ ಭಾರಕ್ಕೇ ಹಗ್ಗವನ್ನು ನಿಧಾನವಾಗಿ ಇಳಿಸಬಹುದು. ಹಾಗೆ ಮಾಡುವುದು ತಿಳಿದಿದ್ದವನು ಆ ಪಾಳಿಯಲ್ಲಿ ನಾನೊಬ್ಬನೇ. ನಾನು ತೊಟ್ಟಿಯಲ್ಲಿದ್ದೆ.

ಎರಡು ಕಂಬಗಳ ನಡುವೆ ನೇತಾಡುತ್ತಿದ್ದೆವು. ಕೂಗಿದೆ. ಯಾರಿಗೆ ಕೇಳಿಸಬೇಕು? ಗಾಳಿ ಬೀಸಿದಾಗಲೆಲ್ಲ ತೊಟ್ಟಿ ತೂಗುತ್ತಿತ್ತು, ಅವಳು ನರಳುತ್ತಿದ್ದಳು. ತುಂಬ ಹೊತ್ತಾದ ಮೇಲೆ, "ನೋವು ಹೋಯ್ತಪ್ಪ" ಅಂದಳು. ಮುಖವೂ ಸಡಿಲವಾಯಿತು. ನನಗೆ ಎಷ್ಟು ಸಂತೋಷವಾಯಿತು ಅಂದರೆ, ದೇವರು ಕಣ್ಣು ಬಿಟ್ಟ ಅಂದುಕೊಂಡೆ. "ನೋಡಿದ್ಯಾ, ಸುಮ್ನೆ ಹೆದರಿಸಿಬಿಟ್ಟೆ" ಅಂತ ಗದರಿದೆ ಕೂಡ. ಒಳಗೆ ಒಡೆದರೆ ನೋವು ಸ್ವಲ್ಪ ಹೊತ್ತು ಹೋಗುತ್ತದಂತೆ. ಡಾಕ್ಟರು ಆಮೇಲೆ ಹೇಳಿದರು.

ಆ ಹೊತ್ತಿನಲ್ಲಿ ಅವಳು ತುಂಬ ಮಾತಾಡಿದಳು. ಪುಸ್ತಕದಲ್ಲಿ ಮುಂದೆ ಬರುವ ವಲಸೆ ಪಾಠದ ಬಗ್ಗೆಯೂ. "ನಮ್ಮನ್ನ ತಳ್ಳಿದ್ದು ಯಾವ್ದಪ್ಪ, ಎಳ್ಕೊಂಡು ಬಂದಿದ್ದು ಯಾವ್ದು?" ಅಂತ ಕೇಳಿದಳು. ಹೂಳು ತಳ್ಳಿತು, ಗಣಿ ಎಳೆಯಿತು ಅಂದೆ. "ಎಳ್ಕೊಂಡು ಬಂದಿದ್ದು ನೀನಲ್ವಾ" ಅಂತ ನಕ್ಕಳು. ಆಮೇಲೆ ಚಳಿ ಶುರುವಾಯಿತು. ನನ್ನ ಅಂಗಿಯನ್ನೂ ಹೊದಿಸಿದೆ. ಆಮೇಲೆ ಮಾತು ನಿಂತಿತು. ಉಸಿರಿತ್ತು, ಮಾತಿರಲಿಲ್ಲ.

ಸಂಜೆಯ ಹೊತ್ತಿಗೆ ಹಗ್ಗ ಚಲಿಸಿತು. ಜೀಪು ಕಾಯುತ್ತಿತ್ತು. ಆಸ್ಪತ್ರೆಯಲ್ಲಿ ತಕ್ಷಣ ಕೊಯ್ದರು. "ಮಧ್ಯಾಹ್ನದ ಒಳಗೆ ತಂದಿದ್ರೆ" ಅಂತ ಡಾಕ್ಟರು ಅರ್ಧಕ್ಕೆ ನಿಲ್ಲಿಸಿದರು. ಮರುದಿನ ಹೋದಳು. ರಸ್ತೆ ಇರಲಿಲ್ಲ, ಮೇಲೆ ತರಲು ಆಗಲಿಲ್ಲ. ಆ ಕೆಳಗಿನ ಊರಿನಲ್ಲೇ ಮಣ್ಣು ಮಾಡಿದೆ.

ರಸ್ತೆ ತೆರೆದ ಮೇಲೆ ಮನೆಗೆ ಬಂದೆ, ನಿನ್ನ ಲಕೋಟೆ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ನಿನಗೆ ತಿಳಿಸಬೇಕು ಅಂತ ಎಷ್ಟೋ ದಿನ ಕೂತೆ. 'ಅಕ್ಕಾ' ಅಂತ ಬರೆಯುತ್ತಿದ್ದೆ, ಮುಂದೆ ಕೈ ಓಡುತ್ತಿರಲಿಲ್ಲ. ಪಕ್ಕದಲ್ಲಿ ನಿನ್ನ ನದಿ ಪಾಠ ಇತ್ತು. ಪ್ರಶ್ನೆ ಓದಿದೆ. ಉತ್ತರ ಗೊತ್ತಿತ್ತು. ಬರೆಯುವಾಗ ಅವಳೇ ಹೇಳಿಕೊಡುತ್ತಿದ್ದಂತೆ ಕೇಳಿಸಿತು. ಒಂದೇ ಸಲ ಅಂದುಕೊಂಡೆ. ನೀನು ಶಹಬ್ಬಾಸ್ ಅಂತ ಬರೆದೆ, ಯಾವ ಬೆರಳು ಅಂತ ಕೇಳಿದೆ. ಲೋಕದಲ್ಲಿ ಅವಳು ಹೇಗಿದ್ದಾಳೆ ಅಂತ ಕೇಳುವವಳು ನೀನೊಬ್ಬಳೇ ಇದ್ದೆ. ಅದು ನಿಲ್ಲುವುದು ನನಗೆ ಬೇಕಿರಲಿಲ್ಲ.

ಬಂದರಿನ ಉತ್ತರ ಮಾತ್ರ ನನ್ನದು. ಅವಳು ಹೇಳಿದ್ದೆಲ್ಲ ಮುಗಿದುಹೋಗಿತ್ತು.

ತಮ್ಮ

*

ಏಪ್ರಿಲ್ ೨೨

ತಮ್ಮಾ,

ನಿನ್ನ ಕಾಗದ ಬಂದು ಒಂದು ತಿಂಗಳಾಯಿತು. ಪರೀಕ್ಷೆಯ ಕೊನೆಯ ದಿನ ಶಾಲೆಗೇ ಬಂತು. ಅಲ್ಲೇ, ಸಿಬ್ಬಂದಿ ಕೋಣೆಯಲ್ಲಿ ನಿಂತು ಓದಿದೆ. ಆಮೇಲೆ ಉತ್ತರ ಪತ್ರಿಕೆಗಳ ಕಟ್ಟು ಕಟ್ಟಿ, ಅರಗು ಹಾಕಿ, ಸಹಿ ಮಾಡಿ ಮನೆಗೆ ಬಂದೆ. ಹೇಗೆ ಬಂದೆನೋ ಗೊತ್ತಿಲ್ಲ.

ರೋಪ್‌ವೇಗೆ ನಿನ್ನನ್ನು ದೂರುವುದಿಲ್ಲ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಕರೆದುಕೊಂಡು ಹೋದದ್ದಕ್ಕೂ ದೂರುವುದಿಲ್ಲ, ಅವಳು ನಿನ್ನ ಮಗಳು. ಕಟುಕ ಅಂತ ಬರೆದದ್ದಕ್ಕೆ ನನ್ನ ಕೈ ಸೇದಿಹೋಗಲಿ.

ಆದರೆ ಇದೊಂದು ಹೇಳಲೇಬೇಕು. ಆ ತಿಂಗಳುಗಳೆಲ್ಲ ನಾನು ಸಂತೋಷವಾಗಿದ್ದೆ. ಅವಳು ಮಣ್ಣಿನಲ್ಲಿದ್ದಾಗ ನಾನು ಅವಳಿಗೆ ಸ್ವೆಟರಿನ ನೂಲು ಆರಿಸುತ್ತಿದ್ದೆ. ಕಾಲೇಜಿಗೆ ಬಂದರೆ ಅವಳಿಗಿರಲಿ ಅಂತ ಒಂದು ಕೋಣೆಗೆ ಸುಣ್ಣ ಬಳಿಸಿದೆ. ಅಳಬೇಕಾಗಿದ್ದ ಹೊತ್ತಿನಲ್ಲಿ ನಗುತ್ತಿದ್ದೆ, ಹತ್ತು ಜನರ ಮುಂದೆ ಜಂಬ ಕೊಚ್ಚಿಕೊಂಡೆ. ನೀನು ಒಬ್ಬನೇ ಅಳುತ್ತಾ ಕೂತೆ, ನನ್ನನ್ನು ಒಬ್ಬಳನ್ನೇ ನಗಿಸಿದೆ. ಅದನ್ನು ಮಾತ್ರ ನನ್ನಿಂದ ಕ್ಷಮಿಸಲು ಆಗುತ್ತಿಲ್ಲ. ಪ್ರಯತ್ನಪಟ್ಟೆ.

ಅಕ್ಕ

*

ಮೇ ೫

ಅಕ್ಕಾ,

ಕ್ಷಮಿಸಬೇಡ. ಬಾ ಎಂದು ಕರೆಯುವ ಮುಖ ನನಗಿಲ್ಲ. ರಸ್ತೆ ಈಗ ಸರಿಯಾಗಿದೆ, ಬಸ್ಸು ಮೇಲಿನವರೆಗೂ ಬರುತ್ತದೆ.

ತಮ್ಮ

*

ಜೂನ್ ೩

ತಮ್ಮಾ,

ನಿನ್ನಲ್ಲಿಂದ ಹೊರಟವಳು ನಿನ್ನೆ ಮನೆ ಮುಟ್ಟಿದೆ. ಬಸ್ಸಿನಲ್ಲಿ ಕಾಲು ಊದಿದ್ದು ಬಿಟ್ಟರೆ ತೊಂದರೆಯಿಲ್ಲ.

ನಿನ್ನ ಮನೆಯಲ್ಲಿದ್ದಷ್ಟು ದಿನವೂ ನಾವು ಹೆಚ್ಚು ಮಾತಾಡಲಿಲ್ಲ. ನೀನು ಅನ್ನ ಬಡಿಸಿದೆ, ನಾನು ತಿಂದೆ. ನಾನು ಪಾತ್ರೆ ತೊಳೆದೆ, ನೀನು ಒರೆಸಿದೆ. ಅವಳ ಬಟ್ಟೆ ಮಡಿಸಿ ಇಟ್ಟದ್ದನ್ನು ಇಬ್ಬರೂ ನೋಡಿದೆವು, ಇಬ್ಬರೂ ಮುಟ್ಟಲಿಲ್ಲ. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿಂದ ಬರೆಯುವುದು ನಮ್ಮಿಬ್ಬರಿಗೂ ರೂಢಿಯಾಗಿಬಿಟ್ಟಿದೆ.

ಒಂದು ವಿಷಯ ನಾನೂ ಮುಚ್ಚಿಟ್ಟಿದ್ದೆ. ನಮ್ಮ ಶಾಲೆ ಮುಚ್ಚಿದ್ದಾರೆ, ಮುಚ್ಚುವ ಮಾತು ಹೋದ ವರ್ಷದಿಂದಲೇ ಇತ್ತು. ವಲಸೆಯ ಉತ್ತರವನ್ನು ತರಗತಿಯಲ್ಲಿ ಓದಿದೆ ಅಂತ ಬರೆದೆನಲ್ಲ, ಆ ತರಗತಿಯಲ್ಲಿದ್ದದ್ದು ಒಂದು ಬೆಂಚಿಗೆ ಸಾಲುವಷ್ಟು ಮಕ್ಕಳು. ಚೂಟಿಗೆ ಗೊತ್ತಾದರೆ ಇಲ್ಲಿಗೆ ಬರಲು ಮನಸ್ಸು ಮಾಡುವುದಿಲ್ಲವೇನೋ ಅಂತ ಹೇಳಿರಲಿಲ್ಲ. ನನ್ನನ್ನು ಒಳನಾಡಿನ ಒಂದು ಊರಿಗೆ ಹಾಕಿದ್ದಾರೆ. ನಿಮ್ಮ ಗಣಿಯ ಶಾಲೆಯನ್ನೇ ಕೇಳಿದ್ದೆ, ಅಲ್ಲಿ ಭೂಗೋಳಕ್ಕೆ ಜಾಗವೇ ಮಂಜೂರಾಗಿಲ್ಲವಂತೆ. ಹೊಸ ವಿಳಾಸ ಹಿಂಬದಿಯಲ್ಲಿದೆ.

ಇನ್ನೊಂದು. ಹೊರಡುವ ದಿನ ಬೆಳಿಗ್ಗೆ, ಹಗ್ಗ ಎಲ್ಲಿ ನಿಂತಿತ್ತು, ಅವಳು ಎಲ್ಲಿ ಮಾತು ನಿಲ್ಲಿಸಿದಳು ತೋರಿಸು ಅಂತ ನಾನು ಕೇಳಿದೆ. ನೀನು ಸ್ಟೇಷನ್ನಿನ ಕಟ್ಟೆಯ ಮೇಲೆ ನಿಂತು ಕೈ ಚಾಚಿದೆ. ನಿನ್ನ ಬೆರಳ ತುದಿಯಿಂದ ನೇರ ನೋಡಿದೆ. ಎರಡು ಕಂಬ, ನಡುವೆ ಹಗ್ಗ, ಅದರ ಕೆಳಗೆ ಏನೂ ಇಲ್ಲ. ನಾನು ಜೀವನವೆಲ್ಲ ಮಕ್ಕಳಿಗೆ ಜಾಗ ಗುರುತಿಸುವುದನ್ನು ಕಲಿಸಿದವಳು. ಯಾವ ಊರು, ಯಾವ ದಡ, ಎಷ್ಟು ಎತ್ತರ. ಅಲ್ಲಿ ಗುರುತಿಸಲು ನೆಲವೇ ಇರಲಿಲ್ಲ. ಗಾಳಿ ಇತ್ತು, ಅಷ್ಟೆ. ಒಂದು ಖಾಲಿ ತೊಟ್ಟಿ ಆ ಜಾಗವನ್ನು ದಾಟಿ ಮೇಲೆ ಬಂತು. ನೀನು ಅದರ ಗಾಲಿಯ ಸದ್ದಿಗೆ ಕಿವಿ ಕೊಟ್ಟದ್ದನ್ನು ನೋಡಿದೆ. ಆಗ ನಿನ್ನ ಮೇಲೆ ನನಗಿದ್ದ ಸಿಟ್ಟು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಈಗಲೂ ತಿಳಿಯುತ್ತಿಲ್ಲ.

ಪಾಠ ಇನ್ನು ಕಳಿಸುವುದಿಲ್ಲ. ಪ್ರಶ್ನೆಯೂ ಇಲ್ಲ. ಆದರೂ ಏನಾದರೂ ಬರೆ. ಇನ್ನು ಮುಂದೆ ಬರೆಯುವುದನ್ನು ನಿನ್ನದೆಂದೇ ಬರೆ.

ಅಕ್ಕ